ಇಂಡೀಕರಣದ ಅಪ್ಪಯ್ಯಣ್ಣ

ದಾರಿಯಲ್ಲಿ ಎದುರಾದವರನ್ನು ಎಲ್ಲರೂ ಊಟ ಆಯಿತೇ ಎಂದು ವಿಚಾರಿಸಿದರೆ, ಅಪ್ಪಯ್ಯಣ್ಣನವರು "ಇಂಡೀಕರಣ ಆಯ್ತಾ?" ಎಂದು ವಿಚಾರಿಸುತ್ತಿದ್ದರು. ಕೇಳುವಾಗ ತಲೆ ಸ್ವಲ್ಪ ಎಡಕ್ಕೆ ವಾಲುತ್ತಿತ್ತು, ಬಲಗೈ ತಾನಾಗಿಯೇ ಕೋಟಿನ ಜೇಬಿನ ಪೆನ್ನಿನ ಮೇಲೆ ಹೋಗುತ್ತಿತ್ತು, ಉತ್ತರ ಬರುವವರೆಗೆ ಕಣ್ಣು ಆಚೀಚೆ ಹೊರಳುತ್ತಿರಲಿಲ್ಲ. ಆಯಿತು ಎಂದರೆ "ಒಳ್ಳೇದಾಯ್ತು" ಎಂದು ಮುಂದೆ ನಡೆಯುತ್ತಿದ್ದರು. ಇಲ್ಲ ಎಂದರೆ ಅಲ್ಲಿಯೇ ನಿಂತುಬಿಡುತ್ತಿದ್ದರು. ಆಮೇಲೆ ಎದುರಿನವರು ತಾವು ಹಿಡಿಯಬೇಕಿದ್ದ ಬಸ್ಸಿನ ಆಸೆ ಬಿಡಬೇಕಾಗುತ್ತಿತ್ತು.

ಜಮೀನಿನ ಕಾಗದ ಹಿಡಿದು ಕಚೇರಿಯ ಮೆಟ್ಟಿಲು ಹತ್ತಿದವರಿಗೆ ಈ ಪದ ಗೊತ್ತು, ಉಳಿದವರಿಗೆ ಗೊತ್ತಿರಬೇಕಾದ ಕಾರಣವಿಲ್ಲ. ತಂದೆ ತೀರಿಕೊಂಡು ಮಗನ ಹೆಸರಿಗೆ ಖಾತೆಯಾಗುತ್ತದೆ, ಅಥವಾ ಒಬ್ಬರು ಮಾರಿದ್ದನ್ನು ಇನ್ನೊಬ್ಬರು ಕೊಳ್ಳುತ್ತಾರೆ; ಅಧಿಕಾರಿಗಳು ವಿಚಾರಣೆ ಮಾಡಿ ರುಜು ಹಾಕಿ ಆದೇಶ ಹೊರಡಿಸುತ್ತಾರೆ. ಆದರೆ ಆದೇಶವಿರುವುದು ಒಂದು ಪುಸ್ತಕದಲ್ಲಿ, ಜನ ನಕಲು ತೆಗೆಸುವ ಪಹಣಿ ಇರುವುದು ಇನ್ನೊಂದು ಪುಸ್ತಕದಲ್ಲಿ. ಗ್ರಾಮಲೆಕ್ಕಿಗರು ಆ ಇನ್ನೊಂದನ್ನು ತೆರೆದು, ಹಳೆಯ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದು, ಪಕ್ಕದಲ್ಲಿ ಹೊಸ ಹೆಸರನ್ನೂ ಆದೇಶದ ಸಂಖ್ಯೆಯನ್ನೂ ಬರೆಯುವವರೆಗೆ ಎಲ್ಲವೂ ನಡೆದೂ ನಡೆಯದ ಹಾಗೆ ಇರುತ್ತದೆ. ಹಾಗೆ ಬರೆಯುವುದಕ್ಕೆ ಇಂಡೀಕರಣ ಎಂದು ಹೆಸರು. ಆದೇಶವಾಗಿ ಹತ್ತು ವರ್ಷವಾದರೂ ಇಂಡೀಕರಣವಾಗದೆ, ಸತ್ತವರ ಹೆಸರಿನಲ್ಲಿಯೇ ಕಂದಾಯ ಕಟ್ಟಿಕೊಂಡು ಬರುವ ಮನೆಗಳು ನಮ್ಮ ಕಡೆ ಹೋಬಳಿಗೊಂದು ನೂರಾದರೂ ಇದ್ದವು. ಅವರ ಅರ್ಜಿಗಳನ್ನು ಬರೆಯುವುದು ಅಪ್ಪಯ್ಯಣ್ಣನವರ ಕಸುಬಾಗಿತ್ತು. ತಾಲ್ಲೂಕು ಕಚೇರಿಯೊಂದರ ಕಾಂಪೌಂಡಿಗೆ ಒರಗಿದ್ದ ಹೊಂಗೆಮರದ ಕೆಳಗೆ, ಒಂದು ಮಣೆ, ಒಂದು ತಗಡಿನ ಪೆಟ್ಟಿಗೆ, ಮೊಣಕಾಲ ಮೇಲೊಂದು ಹಲಗೆ ಇಟ್ಟುಕೊಂಡು ಅವರು ಹದಿನೈದು ವರ್ಷ ಕೂತರು. ಆ ಕಚೇರಿ ಯಾವ ತಾಲ್ಲೂಕಿನದು ಎಂದು ನಾನು ಬರೆಯುವುದಿಲ್ಲ. ಅಲ್ಲಿದ್ದವರಲ್ಲಿ ಕೆಲವರು ಇನ್ನೂ ಇದ್ದಾರೆ.

ಮನೆ ಮಾತ್ರ ದೊಡ್ಡಬಳ್ಳಾಪುರದಲ್ಲಿ, ನಮ್ಮ ನೇಕಾರರ ಬೀದಿಯಲ್ಲಿ. ಅಪ್ಪಯ್ಯಣ್ಣನವರು ಹುಟ್ಟಿನಿಂದ ನೇಕಾರರು, ನಲವತ್ತರವರೆಗೆ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದವರು. ಬೀದಿಯ ಮನೆಗಳಿಗೆಲ್ಲ ವಿದ್ಯುತ್ ಮಗ್ಗ ಬಂದಾಗ ತಮ್ಮಂದಿರು ಅದಕ್ಕೆ ಹೊಂದಿಕೊಂಡರು, ಇವರಿಗೆ ಆ ಸದ್ದು ತಲೆಗೆ ಹತ್ತಲಿಲ್ಲ. ಅಕ್ಷರ ಚೆನ್ನಾಗಿತ್ತು, ಅದನ್ನೇ ನಂಬಿ ಹೊರಟರು. ಮಗ್ಗ ಬಿಟ್ಟರೂ ಮಗ್ಗದ ನಡಿಗೆ ಬಿಡಲಿಲ್ಲ: ಒಂದು ಹೆಜ್ಜೆ ಒತ್ತಿ, ಇನ್ನೊಂದು ಹೆಜ್ಜೆ ಎತ್ತಿ, ಕೆಳಗೆ ಕಾಣದ ಹಲಗೆಗಳನ್ನು ತುಳಿಯುತ್ತಿರುವವರ ಹಾಗೆ ಅವರು ಬೀದಿಯಲ್ಲಿ ಬರುತ್ತಿದ್ದರು. ಮೈಮೇಲೆ ಬೇಸಿಗೆಯಲ್ಲೂ ಬೂದುಬಣ್ಣದ ಒಂದು ಕೋಟು. ಎದೆಯ ಜೇಬಿನಲ್ಲಿ ನೀಲಿಯದೊಂದು, ಕೆಂಪಿನದೊಂದು, ಎರಡು ಪೆನ್ನು. ಕೆಳಗಿನ ಜೇಬಿನಲ್ಲಿ ನಿಬ್ಬು ಒರೆಸುವ ಬಟ್ಟೆಯ ಚೂರು. ಅದು ಅವರೇ ನೇಯ್ದ ಕೊನೆಯ ಸೀರೆಯ ಅಂಚು ಎಂದು ಅವರ ಹೆಂಡತಿ ಅನುಸೂಯಮ್ಮ ಹೇಳುತ್ತಿದ್ದರು. ಆ ಸೀರೆಯಲ್ಲಿ ಎಲ್ಲೋ ಒಂದು ಎಳೆ ಕಡಿದದ್ದನ್ನು ಇವರು ಗಮನಿಸಿರಲಿಲ್ಲವಂತೆ. ಹಾಸಿನ ಎಳೆ ಕಡಿದಾಗಲೇ ಗಂಟು ಹಾಕದೆ ಮಗ್ಗ ಆಡಿಸಿಕೊಂಡು ಹೋದರೆ ಆ ಸಣ್ಣ ಸಂದು ಸೀರೆಯ ಉದ್ದಕ್ಕೂ ಓಡುತ್ತದೆ. ಅಂಥ ಸೀರೆಯನ್ನು ಅಂಗಡಿಯವರು ತೆಗೆದುಕೊಳ್ಳುವುದಿಲ್ಲ. ಅನುಸೂಯಮ್ಮ ಅದನ್ನು ಒಂದಷ್ಟು ಕಾಲ ಉಟ್ಟು, ಆಮೇಲೆ ಹರಿದು, ತುಂಡು ಮಾಡಿದ್ದರು.

ಒಮ್ಮೆ ರವಿಶಂಕರ್ ಎಂಬ ಹೈಸ್ಕೂಲಿನ ಮೇಷ್ಟರು ತಮ್ಮ ತಾಯಿಯ ಜಮೀನಿನ ವಿಷಯಕ್ಕೆ ಅರ್ಜಿ ಬರೆಸಲು ಬಂದರು. ಬರೆದದ್ದನ್ನು ಓದಿ, ಈ ಪದ ಯಾವ ನಿಘಂಟಿನಲ್ಲೂ ಇಲ್ಲ, ನವೀಕರಣ ಎಂದು ಬರೆಯಿರಿ ಎಂದರು. ಅಪ್ಪಯ್ಯಣ್ಣನವರು ಪೆನ್ನಿನ ಮುಚ್ಚಳ ಹಾಕಿದರು. ದೊಡ್ಡ ಮಾತು ಬರುವ ಮುಂಚೆ ಅವರು ಹಾಗೆ ಮಾಡುತ್ತಿದ್ದರು.

"ಲೈಸೆನ್ಸು ನವೀಕರಣ ಮಾಡ್ತಾರೆ ಮೇಷ್ಟ್ರೇ, ಅವಧಿ ಮುಗ್ದಿರುತ್ತೆ, ಮುಂದಕ್ಕೆ ಹಾಕ್ತಾರೆ. ದೇವಸ್ಥಾನ ನವೀಕರಣ ಮಾಡ್ತಾರೆ, ಹಳೇ ಗೋಡೆ ಬೀಳಿಸಿ ಹೊಸದು ಕಟ್ತಾರೆ. ಇಲ್ಲಿ ನಾವು ಹೊಸದೇನು ಮಾಡ್ತಿದೀವಿ? ನಿಮ್ಮಪ್ಪ ತೀರ್ಕೊಂಡು ಆರು ವರ್ಷ ಆಯ್ತು. ನಿಮ್ಮ ತಾಯಿ ಹೆಸ್ರಿಗೆ ಆದೇಶ ಆಗಿ ನಾಲ್ಕು ವರ್ಷ ಆಯ್ತು. ಎಲ್ಲಾ ಆಗೋಗಿದೆ. ಪುಸ್ತಕಕ್ಕೆ ಮಾತ್ರ ಗೊತ್ತಾಗಿಲ್ಲ. ಆಗಿರೋದನ್ನ ಆಗಿದೆ ಅಂತ ಪುಸ್ತಕಕ್ಕೆ ತಿಳಿಸೋದು. ಅಷ್ಟೇ ಇದು."

"ಹಂಗಾದ್ರೆ ಹಳೇ ಹೆಸರು ಅಳಿಸಿಬಿಡಬಹುದಲ್ಲ?"

"ಅಳಿಸೋಹಂಗಿಲ್ಲ. ಗೆರೆ ಎಳೀಬೇಕು, ಗೆರೆ ಕೆಳಗೆ ನಿಮ್ಮಪ್ಪನ ಹೆಸರು ಓದೋಕೆ ಬರ್ಬೇಕು. ಅವರಿದ್ರು ಅನ್ನೋದೂ ಆಗಿರೋ ಸಂಗತೀನೇ ತಾನೇ?"

ಮೇಷ್ಟರು ಪದವನ್ನು ಹಾಗೆಯೇ ಬಿಟ್ಟರು.

ಈ ಪದವನ್ನು ಅವರು ಕಚೇರಿಯ ಕಾಂಪೌಂಡಿನೊಳಗೆ ಇಟ್ಟುಕೊಂಡಿದ್ದರೆ ಯಾರೂ ಆಡಿಕೊಳ್ಳುತ್ತಿರಲಿಲ್ಲ. ಬಸ್ ನಿಲ್ದಾಣದಲ್ಲಿ ವೇಳಾಪಟ್ಟಿಯ ಹಲಗೆಯೊಂದಿತ್ತು. ಅದರಲ್ಲಿ ಘಾಟಿ ಸುಬ್ರಹ್ಮಣ್ಯಕ್ಕೆ ಬೆಳಿಗ್ಗೆ ಏಳು ನಲವತ್ತಕ್ಕೆ ಒಂದು ಬಸ್ಸು ಎಂದು ಬರೆದಿತ್ತು. ಆ ಬಸ್ಸು ನಿಂತು ಎರಡು ವರ್ಷವಾಗಿತ್ತು. ದೂರದಿಂದ ಬಂದ ಭಕ್ತರು ಹಲಗೆ ನೋಡಿಕೊಂಡು ಒಂಬತ್ತರವರೆಗೆ ಕಾಯುವುದನ್ನು ದಿನಾ ನೋಡಿ ನೋಡಿ, ಒಂದು ದಿನ ಅಪ್ಪಯ್ಯಣ್ಣನವರು ಟೀ ಅಂಗಡಿಯ ಸ್ಟೂಲು ತಂದು ಹತ್ತಿ, ಆ ಸಾಲಿನ ಮೇಲೆ ಕೆಂಪು ಗೆರೆ ಎಳೆದರು. ಕಂಟ್ರೋಲರು ಓಡಿ ಬಂದ.

"ರೀ ಯಜಮಾನ್ರೇ, ಇದು ಸರ್ಕಾರದ ಬೋರ್ಡು."

"ಬಸ್ಸೂ ಸರ್ಕಾರದ್ದೇ ಅಲ್ವಾ ಸ್ವಾಮಿ. ನಿಲ್ಸಿದ್ದು ನೀವು, ನಾನು ಬರ್ದೆ ಅಷ್ಟೆ."

ಮನೆಯಲ್ಲಿಯೂ ಇದೇ ಕಥೆ. ನೆಂಟರ ವಿಳಾಸದ ಪುಸ್ತಕದಲ್ಲಿ ಮನೆ ಬದಲಿಸಿದವರು, ಸೊಸೆ ಬಂದವರು, ತೀರಿಕೊಂಡವರು ಎಲ್ಲರ ಸಂಗತಿಯೂ ಆಯಾ ವಾರವೇ ಏರಬೇಕು. ಅನುಸೂಯಮ್ಮ ನೂಲಿನ ಕಂಡಿಕೆ ಸುತ್ತುತ್ತಾ ಪಕ್ಕದ ಮನೆಯವರಿಗೆ ಕೇಳುವಂತೆ ಹೇಳುತ್ತಿದ್ದರು: "ನಮ್ಮನೆಯೋರ್ದೊಂದು ಕಾಯ್ಲೆ ಕಣಮ್ಮ. ಸಾರಿಗೆ ಉಪ್ಪು ಹಾಕಿದ್ರೆ ಸಾಲ್ದು, ಹಾಕಿದೀನಿ ಅಂತ ಒಲೆ ಮೇಲೆ ಬರೀಬೇಕು." ಅಪ್ಪಯ್ಯಣ್ಣನವರು ಇದನ್ನು ಕೇಳಿಸಿಕೊಂಡು, "ಬರ್ದಿದ್ರೆ ನಿನ್ನೆ ಎರಡು ಸಲ ಬೀಳ್ತಿರ್ಲಿಲ್ಲ" ಎಂದು ಗೊಣಗುತ್ತಿದ್ದರು.

ಇವೆಲ್ಲ ನಗುವ ಸಂಗತಿಗಳು. ನಗದೆ ಹೇಳಬೇಕಾದದ್ದು ಇನ್ನೊಂದಿದೆ.

ಅರ್ಜಿಯ ಕೆಲಸ ಕಡಿಮೆಯಾಗುವ ಬೇಸಿಗೆಯಲ್ಲಿ ಅಪ್ಪಯ್ಯಣ್ಣನವರಿಗೆ ಒಬ್ಬ ಗ್ರಾಮಲೆಕ್ಕಿಗರು ನಕಲು ಮಾಡುವ ಕೆಲಸ ಕೊಡುತ್ತಿದ್ದರು. ಪಹಣಿಯಲ್ಲಿ ಮಾಲೀಕರ ಹೆಸರಿಗೆ ಒಂದು ಕಾಲಂ ಇರುವಂತೆ, ಆ ವರ್ಷ ಜಮೀನನ್ನು ಉಳುತ್ತಿರುವವರು ಯಾರು, ಏನು ಬೆಳೆದಿದ್ದಾರೆ ಎಂಬುದಕ್ಕೆ ಬೇರೆ ಕಾಲಂಗಳಿವೆ. ಗ್ರಾಮಲೆಕ್ಕಿಗರು ಪ್ರತಿ ವರ್ಷ ಬದುವಿನ ಮೇಲೆ ನಡೆದು, ಕಣ್ಣಾರೆ ನೋಡಿ ಅವನ್ನು ತುಂಬಬೇಕು. ಎಂಟು ಊರುಗಳ ಹೊಲವನ್ನೆಲ್ಲ ಒಬ್ಬರು ನಡೆದು ಮುಗಿಸುವುದು ಕಷ್ಟವೆಂದೋ, ಬೇಡವೆಂದೋ, ರೂಢಿಯಲ್ಲಿ ನಡೆಯುತ್ತಿದ್ದದ್ದು ಬೇರೆ: ಹೋದ ವರ್ಷ ಏನಿತ್ತೋ ಅದರ ಕೆಳಗೆ ಈ ವರ್ಷಕ್ಕೆ "ಸದರಿ" ಎಂದು ಬರೆಯುವುದು. ಸದರಿ ಎಂದರೆ ಮೇಲೆ ಹೇಳಿದ್ದೇ. ಗ್ರಾಮಲೆಕ್ಕಿಗರ ಮನೆಯ ಜಗಲಿಯ ಮೇಲೆ ಅಪ್ಪಯ್ಯಣ್ಣನವರೂ ಇನ್ನಿಬ್ಬರೂ ಕುಳಿತು, ನೂರಾರು ಹಾಳೆಗಳಿಗೆ ಸಾಲುಸಾಲಾಗಿ ಸದರಿ, ಸದರಿ, ಸದರಿ ಎಂದು ತುಂಬುತ್ತಿದ್ದರು. ಅಪ್ಪಯ್ಯಣ್ಣನವರ "ಸ" ಕಾರದ ತುದಿ ನೇಯ್ಗೆಯವರು ದಾರ ಮುರಿದಂತೆ ಸಣ್ಣಗೆ ಹಿಂದಕ್ಕೆ ತಿರುಗುತ್ತಿತ್ತು. ಜಗತ್ತಿನ ಎಲ್ಲ ಪುಸ್ತಕಗಳನ್ನೂ ತಿದ್ದಲು ಹೊರಟ ಮನುಷ್ಯ ಇದನ್ನು ಹೇಗೆ ಮಾಡಿದರು? ಅವರೇ ಆಮೇಲೊಮ್ಮೆ ಹೇಳಿದ್ದು ಇಷ್ಟು: "ಬರೆಯೋದು ಬೇರೆ, ನಕಲು ಮಾಡೋದು ಬೇರೆ ಅನ್ಕೊಂಡಿದ್ದೆ."

ತೊಂಬತ್ತೆರಡನೆಯ ಇಸವಿಯ ಆಷಾಢದಲ್ಲಿ ಒಂದು ಸೋಮವಾರ, ಮೂವತ್ತೈದರ ಆಸುಪಾಸಿನ ಒಬ್ಬ ಹೆಂಗಸು ಹೊಂಗೆಮರದ ಕೆಳಗೆ ಬಂದು ನಿಂತಳು. ಹೆಸರು ಲಕ್ಷ್ಮೀದೇವಮ್ಮ, ಊರು ಹುಣಸೇಕುಂಟೆ. ಕೈಯಲ್ಲಿ ಪಹಣಿಯ ನಕಲಿತ್ತು. ಅಪ್ಪಯ್ಯಣ್ಣನವರು ಎಂದಿನ ಪ್ರಶ್ನೆ ಕೇಳಿದರು.

"ಅದೇನೋ ನಂಗೊತ್ತಿಲ್ಲಣ್ಣ. ಉಳೋಳು ನಾನು, ನನ್ನೆಸ್ರು ಇದ್ರಲ್ಲಿಲ್ಲ. ಈಗ ನಮ್ಮ ಮೈದ್ನ ಅವನೆಸ್ರು ಹಾಕ್ಸೋಕೆ ಅರ್ಜಿ ಕೊಟ್ಟವ್ನೆ."

ಅವಳ ಗಂಡ ದೊಡ್ಡವೆಂಕಟಪ್ಪ ಎಂಟು ವರ್ಷದ ಹಿಂದೆ ರೇಷ್ಮೆಗೂಡು ಮಾರಲು ಶಿಡ್ಲಘಟ್ಟಕ್ಕೆ ಹೋದವನು ತಿರುಗಿ ಬರಲಿಲ್ಲ. ಜಗಳವಿರಲಿಲ್ಲ, ಕಾಯಿಲೆಯಿರಲಿಲ್ಲ. ಹುಡುಕಿದರು, ಪೊಲೀಸಿಗೆ ಹೇಳಿದರು, ಮುಗಿಯಿತು. ಅಣ್ಣತಮ್ಮಂದಿರ ಪಾಲಿನಲ್ಲಿ ಅವನಿಗೆ ಬಂದಿದ್ದದ್ದು ಒಂದೂವರೆ ಎಕರೆ. ಅಂದಿನಿಂದ ಅದನ್ನು ಮಾಡಿಕೊಂಡು ಬಂದವಳು ಅವಳೊಬ್ಬಳೇ. ಈಗ ಬೆಂಗಳೂರಿನವರು ಆ ಕಡೆ ಜಮೀನು ನೋಡಲು ಕಾರಿನಲ್ಲಿ ಬರತೊಡಗಿದ್ದರು, ಮೈದುನ ಕೆಂಪರಾಜುವಿಗೆ ಅಣ್ಣನ ಹೊಲ ನೆನಪಾಗಿತ್ತು. ಸಾಗುವಳಿಯ ಕಾಲಂನಲ್ಲಿ ಒಮ್ಮೆ ತನ್ನ ಹೆಸರು ಕೂತರೆ ಮಿಕ್ಕದ್ದು ನಿಧಾನವಾಗಿ ಆಗುತ್ತದೆಂದು ಅವನಿಗೆ ಯಾರೋ ಹೇಳಿಕೊಟ್ಟಿದ್ದರು.

ಅಪ್ಪಯ್ಯಣ್ಣನವರು ಪಹಣಿ ಓದಿದರು. ಈಚೆಗೆ ಗ್ರಾಮಲೆಕ್ಕಿಗರು ಮೂಲ ಪುಸ್ತಕ ನೋಡಿ ತಮ್ಮದೇ ಅಕ್ಷರದಲ್ಲಿ ಬರೆದುಕೊಟ್ಟಿದ್ದ ನಕಲು ಅದು. ಮಾಲೀಕ ದೊಡ್ಡವೆಂಕಟಪ್ಪ. ಸಾಗುವಳಿ ಸ್ವಂತ. ಬೆಳೆ ರಾಗಿ. ಕೆಳಗೆ ವರ್ಷ ವರ್ಷವೂ ಸದರಿ. ಪುಸ್ತಕದ ಪ್ರಕಾರ, ಎಂಟು ವರ್ಷದಿಂದ ಯಾರ ಕಣ್ಣಿಗೂ ಬೀಳದ ಮನುಷ್ಯ ತಪ್ಪದೆ ಬಂದು ಉತ್ತು, ರಾಗಿ ಬೆಳೆದು ಹೋಗುತ್ತಿದ್ದ.

"ಇದನ್ನ ಬರ್ದೋನು ಹೊಲ ಕಂಡಿಲ್ಲ ಕಣಮ್ಮ" ಎಂದರು ಅಪ್ಪಯ್ಯಣ್ಣನವರು. "ಮನೇಲಿ ಕೂತು ಬರ್ದಿದಾನೆ. ಇಂಥೋರಿಂದಲೇ ಜನ ಹಾಳಾಗೋದು."

ಆ ಊರಿನ ಹಾಳೆಗಳು ತಮ್ಮ ಕೈಯ ಮೇಲೆಯೇ ಹಾದು ಹೋಗಿರಬಹುದು ಎಂಬುದು ಅವರಿಗೆ ಹೊಳೆಯಲಿಲ್ಲ. ನಕಲು ಮಾಡುವಾಗ ಅವರ ಕಣ್ಣು ಅಕ್ಷರದ ಮೇಲಿರುತ್ತಿತ್ತೇ ಹೊರತು ಊರಿನ ಮೇಲಲ್ಲ.

ಸುಲಭದ ದಾರಿಯೊಂದಿತ್ತು, ಅದನ್ನು ಕಚೇರಿಯ ಗುಮಾಸ್ತರೇ ಅವಳಿಗೆ ಹೇಳಿದ್ದರು. ಏಳು ವರ್ಷ ಸುದ್ದಿಯಿಲ್ಲದವರನ್ನು ಸತ್ತವರೆಂದು ತಿಳಿಯಲು ಕಾನೂನಿನಲ್ಲಿ ಅವಕಾಶವಿದೆ. ಹಾಗೆ ಮಾಡಿಸಿದರೆ ಮಾಲೀಕತ್ವವೇ ಹೆಂಡತಿಯ ಹೆಸರಿಗೆ ಬರುತ್ತದೆ. ಅಪ್ಪಯ್ಯಣ್ಣನವರು ಅದನ್ನು ಅವಳಿಗೆ ಮತ್ತೆ ವಿವರಿಸಿ, ಏನಂತೀಯ ಎಂದು ಕೇಳಿದರು.

"ಸತ್ತವ್ನೆ ಅಂತ ನಾನ್ಯಾಕ್ ಬರೆಸ್ಲಿ? ನಂಗೊತ್ತಿಲ್ವಲ್ಲ. ಬದುಕವ್ನೆ ಅಂತಾನೂ ನಾ ಹೇಳ್ತಿಲ್ಲ. ಉಳೋದು ನಾನು ಅಂತ ಬರೀಲಿ, ಸಾಕು."

ಅವರು ಪೆನ್ನಿನ ಮುಚ್ಚಳ ಹಾಕಿದರು. ಆಗಿರುವುದನ್ನು ಆಗಿದೆಯೆಂದು ಬರೆಯುವುದೇ ತಮ್ಮ ಪದದ ಅರ್ಥ ಎಂದು ಊರಿಗೆಲ್ಲ ಸಾರಿದ್ದವರಿಗೆ, ಆಗಿದೆಯೋ ಇಲ್ಲವೋ ಗೊತ್ತಿಲ್ಲದ್ದನ್ನು ಏನು ಮಾಡಬೇಕೆಂದು ಯಾರೂ ಕೇಳಿರಲಿಲ್ಲ. ಕೊನೆಗೆ, "ಸರಿ, ಗೊತ್ತಿಲ್ದೇ ಇರೋದನ್ನ ಮುಟ್ಟೋದು ಬೇಡ. ಗೊತ್ತಿರೋಷ್ಟನ್ನ ಬರ್ಯೋಣ" ಎಂದರು. ಆದರೆ ತಾವು ನೋಡದೆ ಬರೆಯುವುದಿಲ್ಲವೆಂದೂ, ಭಾನುವಾರ ಹೊಲಕ್ಕೆ ಬರುವುದಾಗಿಯೂ ಹೇಳಿದರು.

ಭಾನುವಾರ ಕೋಟು ಹಾಕಿಕೊಂಡೇ ಹೋದರು. ಹುಣಸೇಕುಂಟೆಯ ಆ ಒಂದೂವರೆ ಎಕರೆಯಲ್ಲಿ ರಾಗಿಯ ಒಂದು ಕಡ್ಡಿಯೂ ಇರಲಿಲ್ಲ. ಬದುವಿನಿಂದ ಬದುವಿಗೆ ಹಿಪ್ಪುನೇರಳೆ. ಗಿಡಗಳ ಬುಡ ಮುಂಗೈಯಷ್ಟು ದಪ್ಪವಾಗಿ, ವರ್ಷ ವರ್ಷ ಕತ್ತರಿಸಿದ ಕಡೆಯಲ್ಲೆಲ್ಲ ಗಂಟುಗಟ್ಟಿತ್ತು. ಲಕ್ಷ್ಮೀದೇವಮ್ಮ ಸೊಪ್ಪಿನ ಹೊರೆ ಇಳಿಸಿ ಬಂದು, ಗಂಡ ಹೋದ ಮರುವರ್ಷವೇ ನೆಟ್ಟದ್ದು ಎಂದಳು. ರಾಗಿಗಾದರೆ ನೇಗಿಲು ಹಿಡಿಯಲು ಆಳು ಬೇಕು, ಸೊಪ್ಪಾದರೆ ಒಬ್ಬಳೇ ಕೊಯ್ದು ಹುಳ ಸಾಕಬಹುದು. ಪಕ್ಕದ ಹೊಲದ ಚಿಕ್ಕಬೀರಪ್ಪ ಎಂಬ ಮುದುಕರು ಬದುವಿನ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದರು.

"ಏನಪ್ಪಾ, ಸರ್ಕಾರದೋರಾ?"

"ಅಲ್ಲಣ್ಣ, ಅರ್ಜಿ ಬರೆಯೋನು."

"ಸರ್ಕಾರದೋರು ಯಾರಾದ್ರೂ ಬಂದವ್ರಾ ಅಂತ ನೋಡ್ತಾನೆ ಇದೀನಿ ಕಣಪ್ಪ. ಕೋಟು ನೋಡಿ ಬಂದೇ ಬಿಟ್ರು ಅನ್ಕೊಂಡೆ."

ಅರ್ಜಿ ಸೊಗಸಾಗಿ ಬಂತು. ಬೆಳೆ ಇಂಥದು, ಗಿಡದ ಪ್ರಾಯ ಇಷ್ಟು, ಸಾಕ್ಷಿ ಇಂಥವರು ಎಂದೆಲ್ಲ ಬರೆದ ಮೇಲೆ, ಪಹಣಿಯ ನಮೂದುಗಳನ್ನು ಬರೆದವರು ಸ್ಥಳಕ್ಕೆ ಭೇಟಿ ನೀಡದೆ, ತಮ್ಮ ಕರ್ತವ್ಯವನ್ನು ಲೆಕ್ಕಿಸದೆ ಬರೆದಿರುತ್ತಾರೆ ಎಂಬ ಸಾಲನ್ನೂ ಅಪ್ಪಯ್ಯಣ್ಣನವರು ಸೇರಿಸಿದರು. ಆ ಸಾಲನ್ನು ಅನುಸೂಯಮ್ಮನಿಗೆ ಎರಡು ಸಲ ಓದಿ ಹೇಳಿದರಂತೆ.

ವಿಚಾರಣೆ ನಡೆದದ್ದು ಶಿರಸ್ತೇದಾರರ ಮುಂದೆ, ಶ್ರಾವಣದ ಮೊದಲ ವಾರ. ಚಿಕ್ಕ ಕೋಣೆ, ಒಂದು ಫ್ಯಾನು. ಲಕ್ಷ್ಮೀದೇವಮ್ಮ ಒಂದು ಕಡೆ, ಕೆಂಪರಾಜು ಇನ್ನೊಂದು ಕಡೆ, ಬಾಗಿಲ ಹತ್ತಿರ ಗ್ರಾಮಲೆಕ್ಕಿಗರು, ಅವರ ಕೈಯಲ್ಲಿ ಮೂಲ ಪಹಣಿಯ ಪುಸ್ತಕ. ಅರ್ಜಿ ಬರೆಯುವವರಿಗೆ ಒಳಗೆ ಕೆಲಸವಿಲ್ಲ. ಅವಳು ಒಬ್ಬಳೇ ಬಂದಿದ್ದಾಳೆಂದು ಅಪ್ಪಯ್ಯಣ್ಣನವರು ಗೋಡೆಗೆ ಒರಗಿ ನಿಂತಿದ್ದರು.

ಶಿರಸ್ತೇದಾರರು ಪುಸ್ತಕ ತೆರೆಸಿ ಓದಿದರು. "ಸ್ಪಷ್ಟವಾಗಿದೆಯಲ್ರೀ. ದೊಡ್ಡವೆಂಕಟಪ್ಪ, ಸ್ವಂತ, ರಾಗಿ. ಸದರಿ, ಸದರಿ. ಈಯಮ್ಮ ಎಲ್ಲಿದಾರೆ ಇದ್ರಲ್ಲಿ?"

"ಅದನ್ನೇ ನಾನೂ ಹೇಳ್ತಿರೋದು ಸಾರ್" ಎಂದ ಕೆಂಪರಾಜು. "ನಮ್ಮಣ್ಣ ಸುಗ್ಗಿಗೆ ಬಂದು ಹೋಗ್ತಾನೆ. ಹೋದ್ಸಲ ಬಂದಾಗ, ಇನ್ಮೇಲೆ ನೀನೇ ಮಾಡ್ಕೊಳೋ ಅಂದ."

"ಬಂದಿದ್ರೆ ನನ್ ಕಣ್ಣಿಗ್ಯಾಕ್ ಬೀಳ್ಲಿಲ್ಲ ಕೆಂಪರಾಜು?" ಎಂದಳು ಲಕ್ಷ್ಮೀದೇವಮ್ಮ. ದನಿ ಏರಿಸಲಿಲ್ಲ. "ಒಂದು ಲೋಟ ನೀರು ನಾನು ಕೊಡ್ತಿರ್ಲಿಲ್ವಾ?"

ಶಿರಸ್ತೇದಾರರು ಅರ್ಜಿಯ ಕೊನೆಯ ಪುಟ ತಿರುಗಿಸಿದರು. "ಇದು ದಾಖಲೆ. ಸುಳ್ಳು ಅಂತ ರುಜುವಾತಾಗೋವರೆಗೂ ಇದೇ ನಿಜ ಅಂತ ನಾನು ತಗೋಬೇಕು. ಬರೆದೋರು ಹೊಲ ನೋಡಿಲ್ಲ ಅಂತ ಬರ್ದಿದೀರಲ್ಲ, ಬರೆದೋರು ಬಂದು ನಿಮ್ಮ ಹತ್ರ ಹೇಳಿದ್ರೇನ್ರೀ ಅಪ್ಪಯ್ಯಣ್ಣ?"

"ಪುಸ್ತಕ ಒಂದ್ಸಲ ನೋಡ್ಬಹುದಾ ಸ್ವಾಮಿ?"

ಮೇಜಿನ ಹತ್ತಿರ ಹೋಗಿ ಬಗ್ಗಿ ನೋಡಿದರು. ಮೇಲಿನ ಒಂದೆರಡು ಬಿಟ್ಟರೆ, ಸಾಲುಸಾಲಾಗಿ ಇಳಿದಿದ್ದ ಪ್ರತಿ "ಸ"ದ ತುದಿಯೂ ಸಣ್ಣಗೆ ಹಿಂದಕ್ಕೆ ತಿರುಗಿತ್ತು. ಗ್ರಾಮಲೆಕ್ಕಿಗರು ಫ್ಯಾನನ್ನು ನೋಡುತ್ತಿದ್ದರು. ಆ ಕೋಣೆಯಲ್ಲಿ ಅದು ಯಾರ ಕೈಯೆಂದು ಗೊತ್ತಿದ್ದವರು ಇಬ್ಬರೇ, ಇಬ್ಬರಲ್ಲಿ ಒಬ್ಬರು ಬಾಯಿ ಬಿಡುವವರಲ್ಲ. ಹೊರಗಿನವರಿಂದ ಪಹಣಿ ಬರೆಸುವುದೇ ನಿಯಮಕ್ಕೆ ವಿರುದ್ಧ. ಅಪ್ಪಯ್ಯಣ್ಣನವರು ಸುಮ್ಮನೆ ಹಿಂದೆ ಸರಿದಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಅವಳ ಅರ್ಜಿ ವಜಾ ಆಗುತ್ತಿತ್ತು, ಅಷ್ಟೆ. ಅವರು ಕನ್ನಡಕ ತೆಗೆದು, ನಿಬ್ಬು ಒರೆಸುವ ಬಟ್ಟೆಯಿಂದಲೇ ಒರೆಸಿಕೊಂಡು, ಮತ್ತೆ ಹಾಕಿಕೊಂಡರು. ಗಾಜಿಗೆ ಶಾಯಿ ಹತ್ತಿತು.

"ಹೇಳ್ತಾನೆ ಸ್ವಾಮಿ, ಈಗ ಹೇಳ್ತಾನೆ. ಈ ಅಕ್ಷರ ನಂದು."

"ನಿಮ್ದು ಅಂದ್ರೆ?"

"ನಾನೇ ಬರ್ದಿದ್ದು. ಹುಣಸೇಕುಂಟೆಗೆ ನಾನು ಮೊದಲ್ನೇ ಸಲ ಹೋಗಿದ್ದು ಈ ಆಷಾಢದಲ್ಲಿ. ಬರೀತಾ ಬಂದಿದ್ದು ಆರು ವರ್ಷದಿಂದ. ಹೊಲ ನೋಡ್ದೆ ಬರ್ದಿದೀನಿ."

ಕೆಂಪರಾಜು ಗಟ್ಟಿಯಾಗಿ ನಕ್ಕ. "ಇದೇನ್ ಗುರು ಇದು. ಪಹಣಿ ಬರ್ದೋನೂ ಇವ್ನೇ, ಪಹಣಿ ಸುಳ್ಳು ಅಂತ ಅರ್ಜಿ ಬರ್ದೋನೂ ಇವ್ನೇ. ಎರಡ್ ಕಡೆನೂ ಕೂಲಿ." ಬಾಗಿಲ ಹೊರಗಿದ್ದವರೂ ನಕ್ಕರು. ಅಪ್ಪಯ್ಯಣ್ಣನವರು, "ನಿಜ" ಎಂದರು.

"ಇದನ್ನ ಬರ್ಕೊಡ್ತೀರಾ?" ಎಂದು ಕೇಳಿದರು ಶಿರಸ್ತೇದಾರರು, ಈಗ ಸ್ವಲ್ಪ ಮೆತ್ತಗೆ. "ಯೋಚನೆ ಮಾಡಿ. ನಾಳೆ ನಿಮಗೇ ತೊಂದ್ರೆ ಆಗ್ಬಹುದು."

ನಿಂತುಕೊಂಡೇ, ಹಲಗೆಯಿಲ್ಲದೆ, ಮೇಜಿನ ಮೂಲೆಯಲ್ಲಿ ಬರೆದರು. ನಮ್ಮ ಕಡೆಯ ಹಳೆಯ ಪತ್ರಗಳಲ್ಲಿ ಕೊನೆಗೆ ಬಿಕ್ಕಲಂ ಎಂದೊಂದು ಸಾಲಿರುತ್ತದೆ, ಬರೆದವನು ತನ್ನ ಹೆಸರು ಹಾಕುವ ಸಾಲು. ಪಹಣಿಯಲ್ಲಿ ಅದಿಲ್ಲ. ಅಪ್ಪಯ್ಯಣ್ಣನವರು ಆ ಹೇಳಿಕೆಯ ಕೆಳಗೆ ರುಜು ಹಾಕಿ, ಅದರ ಕೆಳಗೆ ಬಿಕ್ಕಲಂ ಅಪ್ಪಯ್ಯಣ್ಣ ಎಂದೂ ಬರೆದರು.

ಹತ್ತು ದಿನದ ಮೇಲೆ ಶಿರಸ್ತೇದಾರರೇ ಹೊಲಕ್ಕೆ ಬಂದರು. ಈ ಸೊಪ್ಪು ಎಷ್ಟು ವರ್ಷದ್ದು ಎಂದು ಕೆಂಪರಾಜುವನ್ನು ಕೇಳಿದರು. ಮುಂಗೈಯಷ್ಟು ದಪ್ಪದ ಬುಡದ ಪಕ್ಕದಲ್ಲಿ ನಿಂತು ಅವನು, ಹೋದ ವರ್ಷ ಅಣ್ಣ ನೆಟ್ಟಿದ್ದು ಎಂದ. ಚಿಕ್ಕಬೀರಪ್ಪನವರು ಬದುವಿನ ಮೇಲಿಂದ, "ಹಂಗಾದ್ರೆ ನಿಮ್ಮಣ್ಣ ಮರಾನೇ ಹೊತ್ಕೊಂಡು ಬಂದು ನೆಟ್ಟವ್ನೆ ಬಿಡು" ಎಂದರು. ಮಹಜರಿಗೆ ಊರಿನ ಐವರು ಹೆಬ್ಬೆಟ್ಟು ಒತ್ತಿದರು.

ಆದೇಶವಾಯಿತು. ಆದೇಶವಾದರೆ ಸಾಲದೆಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಅಪ್ಪಯ್ಯಣ್ಣನವರು ದಿನವೂ ಕಚೇರಿಯ ಬಾಗಿಲಲ್ಲಿ ನಿಂತರು, ಗ್ರಾಮಲೆಕ್ಕಿಗರು ದಿನವೂ ಅವರನ್ನು ನೋಡದಂತೆ ನಡೆದು ಹೋದರು. ದೀಪಾವಳಿಯ ಹಿಂದಿನ ವಾರ ಲಕ್ಷ್ಮೀದೇವಮ್ಮ ಹೊಂಗೆಮರದ ಕೆಳಗೆ ಬಂದು, ಅವರು ತಲೆ ವಾಲಿಸುವ ಮುಂಚೆಯೇ, "ಇಂಡೀಕರಣ ಆಯ್ತಣ್ಣ" ಎಂದಳು. ಹೊಸ ನಕಲನ್ನು ಅವರು ಹಲಗೆಯ ಮೇಲೆ ಹರಡಿ ನೋಡಿದರು. ಸಾಗುವಳಿಯ ಕಾಲಂನಲ್ಲಿ ಸದರಿಗಳ ಕೆಳಗೆ ಲಕ್ಷ್ಮೀದೇವಮ್ಮ ಕೋಂ ದೊಡ್ಡವೆಂಕಟಪ್ಪ ಎಂದು, ಎಂದರೆ ದೊಡ್ಡವೆಂಕಟಪ್ಪನ ಹೆಂಡತಿ ಎಂದು, ಬಂದಿತ್ತು. ಬೆಳೆ ಹಿಪ್ಪುನೇರಳೆ. ಮಾಲೀಕರ ಕಾಲಂನಲ್ಲಿ ದೊಡ್ಡವೆಂಕಟಪ್ಪನ ಹೆಸರು ಇದ್ದ ಹಾಗೆಯೇ ಇತ್ತು, ಅದರ ಮೇಲೆ ಗೆರೆ ಬಿದ್ದಿರಲಿಲ್ಲ. ಅವಳು ಗಂಡನ ಹೆಸರು ಎಲ್ಲಿದೆ ತೋರಿಸಿ ಎಂದು ಕೇಳಿ, ತೋರಿಸಿದ ಕಡೆ ಬೆರಳಿಟ್ಟು ನೋಡಿ, ಕಾಗದ ಮಡಿಸಿಕೊಂಡು ಬಸ್ಸಿಗೆ ಹೋದಳು.

ನಕಲು ಮಾಡುವ ಕೆಲಸ ಅಂದಿಗೆ ನಿಂತಿತು. ಆ ಗ್ರಾಮಲೆಕ್ಕಿಗರಷ್ಟೇ ಅಲ್ಲ, ಯಾರೂ ಅವರನ್ನು ಜಗಲಿಗೆ ಹತ್ತಿಸಲಿಲ್ಲ. ಕಚೇರಿಯೊಳಗೆ ಅವರು ಬರೆದ ಅರ್ಜಿಗಳು ಒಂದಷ್ಟು ಕಾಲ ಕಟ್ಟಿನ ಅಡಿಗೆ ಸೇರುತ್ತಿದ್ದವು. ಇದನ್ನು ತಿಳಿದ ಕೆಲವರು ಅಪ್ಪಯ್ಯಣ್ಣನವರನ್ನು ಬಿಟ್ಟು ಪಕ್ಕದ ಟೈಪಿನವನ ಹತ್ತಿರ ಹೋದರು. ಅವರು ಮಣೆ ಬದಲಿಸಲಿಲ್ಲ. ಅಲ್ಲಿಂದಾಚೆಗೆ ಎರಡು ಅಭ್ಯಾಸಗಳು ಅವರಿಗೆ ಹತ್ತಿಕೊಂಡವು. ಏನು ಬರೆದರೂ, ಅರ್ಜಿಯಿರಲಿ, ನೆಂಟರಿಗೆ ಕಾರ್ಡಿರಲಿ, ದಿನಸಿ ಅಂಗಡಿಗೆ ಕಳಿಸುವ ಚೀಟಿಯಿರಲಿ, ಕೊನೆಗೆ ಬಿಕ್ಕಲಂ ಅಪ್ಪಯ್ಯಣ್ಣ ಎಂದು ಹಾಕುವುದು. ಇನ್ನೊಂದು, ಭಾನುವಾರದ ನಡಿಗೆ. ಜಗಲಿಯ ಮೇಲೆ ಕೂತು ತಾವು ಸದರಿ ತುಂಬಿದ ಊರುಗಳು ಮೂರೋ ನಾಲ್ಕೋ ಇದ್ದವು. ಪ್ರತಿ ಭಾನುವಾರ ಒಂದು ಊರಿಗೆ ಹೋಗಿ, ಬದುವಿನ ಮೇಲೆ ನಡೆದು, ಯಾವ ಹೊಲವನ್ನು ಯಾರು ಉಳುತ್ತಿದ್ದಾರೆ ಎಂದು ಕೇಳಿ, ಪುಸ್ತಕಕ್ಕೂ ಹೊಲಕ್ಕೂ ಹೊಂದದ ಕಡೆ ಆ ಮನೆಯವರನ್ನು ಕೂರಿಸಿಕೊಂಡು ಅರ್ಜಿ ಬರೆದುಕೊಡುತ್ತಿದ್ದರು. ಅದಕ್ಕೆ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಜನ ಮೊದಮೊದಲು ಸೈಟು ಮಾಡುವ ದಲ್ಲಾಳಿಯೆಂದು ನಾಯಿ ಬಿಟ್ಟರು. ಆಮೇಲೆ ಮಜ್ಜಿಗೆ ಕೊಟ್ಟರು.

"ಇನ್ನೂ ಎಷ್ಟು ಹೊಲ ಐತ್ರೀ?" ಎಂದು ಅನುಸೂಯಮ್ಮ ಒಂದು ಸಂಜೆ ಕೇಳಿದ್ದು ನಮ್ಮ ಮನೆಗೂ ಕೇಳಿಸಿತ್ತು. ಇಬ್ಬರೂ ಹೊಸಲಿನ ಮೇಲೆ ಕೂತಿದ್ದರು, ಅವರು ಚಪ್ಪಲಿಯ ಮಣ್ಣು ಕೆರೆಯುತ್ತಿದ್ದರು.

"ಲೆಕ್ಕ ಇಟ್ಟಿಲ್ಲ ಕಣೆ."

"ನೀವಾ? ಲೆಕ್ಕ ಇಟ್ಟಿಲ್ವಾ?"

"ಲೆಕ್ಕ ಇಟ್ರೆ ಮುಗೀತು ಅಂತ ಅನ್ಸಿಬಿಡುತ್ತೆ."

ತೊಂಬತ್ತೇಳರಲ್ಲಿ ಮೊಣಕಾಲು ಸೋತು ಅವರು ನಡೆಯುವುದನ್ನು ನಿಲ್ಲಿಸಿದಾಗ ಕೊನೆಯ ಊರಿನಲ್ಲಿ ಅರ್ಧ ಉಳಿದಿತ್ತು. ಅದು ಉಳಿದಿದೆ ಎಂದು ಅವರೇ ಒಂದು ಕಾರ್ಡಿನಲ್ಲಿ ಸರ್ವೆ ನಂಬರುಗಳ ಸಮೇತ ತಹಸೀಲ್ದಾರರಿಗೆ ಬರೆದು ಹಾಕಿದರು. ಬಿಕ್ಕಲಂ ಇತ್ತೆಂದು ಬೇರೆ ಹೇಳಬೇಕಿಲ್ಲ. ಉತ್ತರ ಬಂದಂತೆ ಕಾಣೆ.

ಕಚೇರಿಗಳ ಹೊರಗೆ ಮರದ ನೆರಳನ್ನು ನಂಬಿ ಕೂರುವ ಇಂಥ ಜನ ನಮ್ಮ ಕಡೆ ಊರೂರಿಗೂ ಇದ್ದರು. ಹುಟ್ಟು, ಸಾವು, ಪಾಲು, ಮಾರಾಟ, ಬೇರೆಯವರ ಬದುಕಿನಲ್ಲಿ ಆದದ್ದೆಲ್ಲ ಇವರ ಬೆರಳಿನ ಮೂಲಕ ಹಾದು ಪುಸ್ತಕ ಸೇರುತ್ತಿತ್ತು, ಅಥವಾ ಸೇರದೆ ಉಳಿಯುತ್ತಿತ್ತು. ಇವರು ಅಧಿಕಾರಿಗಳಲ್ಲ, ಇವರ ಹೆಸರಿಗೆ ಯಾವ ನಮೂನೆಯಲ್ಲಿಯೂ ಕಾಲಂ ಇಲ್ಲ, ತಪ್ಪಾದರೆ ಹುಡುಕಿಕೊಂಡು ಬರುವವರೂ ಇಲ್ಲ. ಆದ್ದರಿಂದ ಇವರಲ್ಲಿ ಹೆಚ್ಚಿನವರು ಹೋದ ವರ್ಷದ್ದನ್ನೇ ಈ ವರ್ಷವೂ ಬರೆದು, ಕೈ ತೊಳೆದು, ಊಟಕ್ಕೆ ಏಳುತ್ತಾರೆ. ಅವರನ್ನು ಕೆಟ್ಟವರೆನ್ನಲು ನನಗೆ ಮನಸ್ಸಿಲ್ಲ. ಎಲ್ಲೋ ಒಬ್ಬರು ಮಾತ್ರ ತಾವು ಬರೆದ ಸಾಲನ್ನು ಹಿಡಿದುಕೊಂಡು ಆ ಸಾಲು ಹೇಳುವ ಹೊಲದವರೆಗೂ ನಡೆದು ಹೋಗುತ್ತಾರೆ, ಅಲ್ಲಿ ರಾಗಿಯಿಲ್ಲದಿದ್ದರೆ ರಾಗಿಯಿಲ್ಲ ಎಂದು ಹಿಂತಿರುಗಿ ಬಂದು ಬರೆಯುತ್ತಾರೆ, ಬರೆದವರು ಯಾರೆಂದೂ ಕೆಳಗೆ ಬರೆಯುತ್ತಾರೆ.